ಕೋಡ್ ಕೊಟ್ಟರು ಕಂಪನಿಯವರು, ಕನ್ನಡ ಕೊಡುವವರು ಯಾರು?

ದೊಡ್ಡ ಕಂಪನಿಗಳು ತಮ್ಮ ಕೋಡನ್ನು ಲೋಕಕ್ಕೆ ಬಿಟ್ಟುಕೊಟ್ಟಿದ್ದರಿಂದ ಮೊರಬದ ರೈತನ ಮೊಬೈಲಿನಲ್ಲಿ ಇಂದು ಕನ್ನಡ ಮೂಡುತ್ತಿದೆ. ಆ ಕೋಡಿಗೆ ಧಾರವಾಡದ ಮಾತು ಕಲಿಸುವವರು ಯಾರು, ನಮ್ಮದೇ ದುಡ್ಡಿನ ಕೋಡನ್ನು ತೆರೆಯುವವರು ಯಾರು ಎಂಬ ಪ್ರಶ್ನೆಗಳು ಈಗ ಎದುರಿಗಿವೆ.

ನವಲಗುಂದ ತಾಲ್ಲೂಕಿನ ಮೊರಬದಲ್ಲಿ ಮುಂಗಾರಿಗೆ ಹೆಸರು ಬಿತ್ತಿದವರಿರಲಿ, ಹಿಂಗಾರಿಗೆ ಕಡಲೆ ಹಾಕಿದವರಿರಲಿ, ಮೊಬೈಲ್ ಮುಟ್ಟದೆ ಅವರ ಒಕ್ಕಲುತನ ಸಾಗುವ ಕಾಲ ಮುಗಿಯಿತು. ಹುಬ್ಬಳ್ಳಿ ಎಪಿಎಂಸಿ ಧಾರಣೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುತ್ತದೆ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಹೊಲದ ಫೋಟೊ ಏರಿಸಬೇಕು. ವಿಮೆಯ ಅರ್ಜಿ ಎಲ್ಲಿಗೆ ಬಂತು ಎಂಬುದನ್ನು ‘ಸಂರಕ್ಷಣೆ’ ಪೋರ್ಟಲ್‌ನಲ್ಲಿ ನೋಡಬೇಕು. ಪಹಣಿಯಲ್ಲಿ ಬೆಳೆ ತಪ್ಪಾಗಿ ನಮೂದಾಗಿದ್ದರೆ ಅದೂ ಮೊದಲು ಗೊತ್ತಾಗುವುದು ಮೊಬೈಲ್‌ ಪರದೆಯ ಮೇಲೆಯೇ.

ಆ ಮೊಬೈಲು ಆಂಡ್ರಾಯ್ಡ್ ಆಗಿದ್ದರೆ ಒಂದು ಕೆಲಸ ಮಾಡಿ ನೋಡಬಹುದು. ಸೆಟ್ಟಿಂಗ್ಸ್‌ಗೆ ಹೋಗಿ ‘ಫೋನ್ ಕುರಿತು’ ಎಂಬಲ್ಲಿ ಒತ್ತಿ, ಅದರೊಳಗಿನ ಕಾನೂನು ಮಾಹಿತಿ ತೆರೆದರೆ ಓಪನ್ ಸೋರ್ಸ್ ಲೈಸೆನ್ಸ್‌ಗಳ ಪುಟ ಸಿಗುತ್ತದೆ. ಬೆರಳಿನಿಂದ ಎಷ್ಟು ಸರಿಸಿದರೂ ಮುಗಿಯದಷ್ಟು ಉದ್ದದ ಪುಟ. ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಕಡತಗಳ ಹೆಸರು, ಬರೆದವರ ಹೆಸರು, ಇಸವಿ, ಒಂದೇ ಬಗೆಯ ಕರಾರು ಮತ್ತೆ ಮತ್ತೆ. ಬಹುತೇಕ ಕರಾರುಗಳ ಸಾರ ಇಷ್ಟು: ಇದನ್ನು ಬಳಸಿ, ನಕಲು ಮಾಡಿ, ತಿದ್ದಿ, ಬೇಕಾದರೆ ಮಾರಿಕೊಳ್ಳಿ, ಬರೆದವರ ಹೆಸರು ಅಳಿಸಬೇಡಿ, ಕೆಟ್ಟರೆ ನಮ್ಮನ್ನು ಹೊಣೆ ಮಾಡಬೇಡಿ.

ಆ ಪುಟದಲ್ಲಿ ಬಿಡುವಿನ ವೇಳೆಯಲ್ಲಿ ಬರೆದ ಹವ್ಯಾಸಿಗಳಿದ್ದಾರೆ, ವಿಶ್ವವಿದ್ಯಾಲಯಗಳಿವೆ, ಗೂಗಲ್, ಐಬಿಎಂ, ಇಂಟೆಲ್, ರೆಡ್ ಹ್ಯಾಟ್‌ನಂಥ ದೊಡ್ಡ ಕಂಪನಿಗಳೂ ಇವೆ. ಕೋಟಿಗಟ್ಟಲೆ ಸುರಿದು ಬರೆಸಿದ ಕೋಡನ್ನು ಕಂಪನಿಗಳು ಹೀಗೆ ಬೀದಿಗೆ ಬಿಡುವುದೇಕೆ? ಅದರಲ್ಲಿ ಕನ್ನಡಕ್ಕೆ ದಕ್ಕಿದ್ದೆಷ್ಟು?

ಉಚಿತ ಬೇರೆ, ಮುಕ್ತ ಬೇರೆ

ಯಾವ ತಂತ್ರಾಂಶವೂ ಮೊದಲು ಮನುಷ್ಯರು ಓದಬಹುದಾದ ಸಾಲುಗಳಲ್ಲೇ ಹುಟ್ಟುತ್ತದೆ. ಅದನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ಬದಲಿಸಿ ನಮ್ಮ ಕೈಗಿಡುತ್ತಾರೆ. ನಮಗೆ ಸಿಗುವುದು ಓಡುವ ಆ್ಯಪ್. ಒಳಗಿನ ಬರವಣಿಗೆ ಕಂಪನಿಯ ಬೀಗದಲ್ಲೇ ಉಳಿಯುತ್ತದೆ. ಆ ಮೂಲ ಬರವಣಿಗೆಯನ್ನೇ ಪ್ರಕಟಿಸಿ, ಓದಲು, ತಿದ್ದಲು, ಹಂಚಲು ಪರವಾನಗಿ ಕೊಟ್ಟರೆ ಅದು ಓಪನ್ ಸೋರ್ಸ್. ದುಡ್ಡಿಲ್ಲದೆ ಸಿಗುವುದೆಲ್ಲ ಈ ಲೆಕ್ಕಕ್ಕೆ ಬರುವುದಿಲ್ಲ.

ಈ ವ್ಯತ್ಯಾಸ ಕನ್ನಡಿಗರಿಗೆ ಹೊಸದೇನಲ್ಲ. ಶೇಷಾದ್ರಿ ವಾಸು ಅವರ ‘ಬರಹ’ 1998ರಲ್ಲಿ ಉಚಿತವಾಗಿ ಬಂತು. ಸಾವಿರಾರು ಮಂದಿ ಕಂಪ್ಯೂಟರ್‌ನಲ್ಲಿ ಮೊದಲ ಕನ್ನಡ ಅಕ್ಷರ ಮೂಡಿಸಿದ್ದು ಅದರಲ್ಲೇ. ಮುಂದೆ ಅದಕ್ಕೆ ಬೆಲೆ ಬಂತು. ಬರೆದವರಿಗೆ ಆ ಹಕ್ಕಿದೆ, ತಕರಾರಿಲ್ಲ. ಆದರೆ ಉಚಿತ ತಂತ್ರಾಂಶದ ಜುಟ್ಟು ಯಾವತ್ತೂ ಕೊಟ್ಟವರ ಕೈಯಲ್ಲೇ ಇರುತ್ತದೆ. ಇನ್ನೊಂದು ಕಡೆ ಕಿನ್ನಿಕಂಬಳದ ಕೆ.ಪಿ. ರಾವ್ ಅವರಿದ್ದಾರೆ. ತಾವು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ರಾಯಧನ ಕೇಳದೆ ಬಿಟ್ಟುಕೊಟ್ಟರು. ಇಂದು ಸರ್ಕಾರಿ ಕಚೇರಿಗಳಲ್ಲಿ ‘ನುಡಿ’ ತಂತ್ರಾಂಶದಲ್ಲಿ ಕೀಲಿ ಒತ್ತುವ ಗುಮಾಸ್ತರ ಬೆರಳು ಓಡುವುದು ಆ ವಿನ್ಯಾಸದ ಜಾಡಿನಲ್ಲೇ.

ಕಂಪನಿಗಳ ಲೋಕದಲ್ಲಿ ಹೀಗೆ ಬಿಟ್ಟುಕೊಡುವ ವಿಚಾರ ಸುಲಭಕ್ಕೆ ಒಪ್ಪಿಗೆಯಾಗಲಿಲ್ಲ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ, ಯಾರು ಬೇಕಾದರೂ ತಿದ್ದಿ ಹಂಚಬಹುದಾದ ತಂತ್ರಾಂಶದ ಗ್ನು ಯೋಜನೆ ಸಾರಿದಾಗ ಅದು ಆದರ್ಶವಾದಿಯೊಬ್ಬನ ಹಟದಂತೆ ಕಂಡಿತ್ತು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಬರೆಯತೊಡಗಿದಾಗ ಆತ ಫಿನ್ಲೆಂಡಿನ ಒಬ್ಬ ವಿದ್ಯಾರ್ಥಿ. 1998ರ ಜನವರಿಯಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರ್‌ನ ಕೋಡನ್ನೇ ತೆರೆಯುವುದಾಗಿ ಘೋಷಿಸಿ, ಮಾರ್ಚ್ 31ರಂದು ಬಿಡುಗಡೆ ಮಾಡಿದಾಗ ಪೇಟೆ ಬೆರಗಾಯಿತು. ಮೈಕ್ರೊಸಾಫ್ಟ್ ಎದುರು ಸೋಲುತ್ತಿದ್ದ ಕಂಪನಿಯ ಕೊನೆಯ ಪಟ್ಟು ಅದು. ನೆಟ್‌ಸ್ಕೇಪ್ ಉಳಿಯಲಿಲ್ಲ, ಆ ಕೋಡಿನಿಂದ ಮೊಜಿಲ್ಲಾ ಹುಟ್ಟಿತು, ಅದರಿಂದ 2004ರಲ್ಲಿ ಫೈರ್‌ಫಾಕ್ಸ್ ಬಂತು. ಫೈರ್‌ಫಾಕ್ಸ್‌ನ ಮೆನುಗಳನ್ನು ಕನ್ನಡಕ್ಕೆ ತಂದವರು ಸ್ವಯಂಸೇವಕರು; ಯಾರ ಅಪ್ಪಣೆಗೂ ಕಾಯಬೇಕಾಗಿರಲಿಲ್ಲ.

ಮೈಕ್ರೊಸಾಫ್ಟ್‌ನ ಅಂದಿನ ಮುಖ್ಯಸ್ಥ ಸ್ಟೀವ್ ಬಾಮರ್ 2001ರಲ್ಲಿ ಲಿನಕ್ಸನ್ನು ಕ್ಯಾನ್ಸರ್ ಎಂದು ಕರೆದಿದ್ದರು. ಅದೇ ಕಂಪನಿ, ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲಾ ಚುಕ್ಕಾಣಿ ಹಿಡಿದ 2014ರಲ್ಲಿ ತನ್ನ ಡಾಟ್‌ನೆಟ್ ಕೋಡನ್ನು ತೆರೆಯಲು ಮುಂದಾಯಿತು. 2018ರಲ್ಲಿ, ಮುಕ್ತ ಕೋಡುಗಳ ದೊಡ್ಡ ಸಂತೆಯಾದ ಗಿಟ್‌ಹಬ್ಬನ್ನೇ 750 ಕೋಟಿ ಡಾಲರ್ ಕೊಟ್ಟು ಕೊಂಡಿತು. ಮನಃಪರಿವರ್ತನೆಗಿಂತ ಇಲ್ಲಿ ಹೆಚ್ಚಿರುವುದು ಲೆಕ್ಕಾಚಾರ.

ಮೂಲೆ ಸೇರಿದ್ದ ಟೆಸರಾಕ್ಟ್

ಕಂಪನಿಯೊಂದು ಬಿಟ್ಟುಕೊಟ್ಟ ಕೋಡ್ ಕನ್ನಡಕ್ಕೆ ಹೇಗೆ ಒದಗಿತು ಎಂಬುದಕ್ಕೆ ಟೆಸರಾಕ್ಟ್‌ನ ಕಥೆಗಿಂತ ಒಳ್ಳೆಯ ಉದಾಹರಣೆ ಬೇಡ. ಪ್ರಿಂಟರ್, ಸ್ಕ್ಯಾನರ್‌ಗಳ ಹ್ಯೂಲೆಟ್ ಪ್ಯಾಕರ್ಡ್ (ಎಚ್‌ಪಿ) ಕಂಪನಿ, ಸ್ಕ್ಯಾನ್ ಮಾಡಿದ ಪುಟದಿಂದ ಅಕ್ಷರಗಳನ್ನು ಓದಿ ಎತ್ತಿಕೊಳ್ಳುವ ತಂತ್ರಾಂಶವೊಂದನ್ನು 1985ರಿಂದ 1994ರ ತನಕ ಬರೆಸಿತು. ಇಂಗ್ಲೆಂಡಿನ ಬ್ರಿಸ್ಟಲ್ ಪ್ರಯೋಗಾಲಯದಲ್ಲಿ ರೇ ಸ್ಮಿತ್ ಅದರ ಮುಖ್ಯ ಕರ್ತೃ. 1995ರಲ್ಲಿ ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದ ಲಾಸ್ ವೇಗಸ್ ವಿಭಾಗ ನಡೆಸಿದ ಪರೀಕ್ಷೆಯಲ್ಲಿ ಅದು ಮೊದಲ ಸಾಲಿನಲ್ಲಿ ನಿಂತಿತು. ಅಷ್ಟು ಹೊತ್ತಿಗೆ ಕಂಪನಿ ಆ ವ್ಯಾಪಾರದಿಂದ ಕೈ ತೊಳೆದುಕೊಂಡಿತ್ತು. ಮುಂದಿನ ಹತ್ತು ವರ್ಷ ಕೋಡ್ ದೂಳು ತಿಂದಿತು.

2005ರಲ್ಲಿ ಎಚ್‌ಪಿ ಅದನ್ನು ಮುಕ್ತವಾಗಿ ಬಿಟ್ಟಿತು. ಮರುವರ್ಷದಿಂದ ಗೂಗಲ್ ಅದರ ಬೆಳವಣಿಗೆಯ ಖರ್ಚು ವಹಿಸಿಕೊಂಡಿತು. ಆಗ ಅದಕ್ಕೆ ಬರುತ್ತಿದ್ದುದು ಇಂಗ್ಲಿಷ್ ಒಂದೇ. ಆಮೇಲೆ ಐರೋಪ್ಯ ಭಾಷೆಗಳು, ಬಳಿಕ ಏಷ್ಯಾದ ಲಿಪಿಗಳು ಸೇರಿದವು. 2018ರ ನಾಲ್ಕನೇ ಆವೃತ್ತಿಯಲ್ಲಿ ನರಜಾಲ ಮಾದರಿಯ ಓದು ಬಂತು. ಒಂದೊಂದೇ ಅಕ್ಷರವನ್ನು ಕತ್ತರಿಸಿ ಗುರುತಿಸುವ ಬದಲು ಇಡೀ ಸಾಲನ್ನು ಒಟ್ಟಿಗೆ ಓದುವ ಕ್ರಮ. ನೂರಕ್ಕೂ ಹೆಚ್ಚು ಭಾಷೆಗಳ ಆ ಪಟ್ಟಿಯಲ್ಲಿ ಕನ್ನಡವೂ ಇದೆ. ಒತ್ತು, ದೀರ್ಘ, ಕೊಂಬುಗಳು ಅಕ್ಷರದ ಮೇಲೆ ಕೆಳಗೆ ಬಲಕ್ಕೆ ಹರಡುವ ನಮ್ಮ ಲಿಪಿಗೆ ಸಾಲು ಹಿಡಿದು ಓದುವುದೇ ಸರಿಹೊಂದುತ್ತದೆ.

ಬ್ರಿಸ್ಟಲ್‌ನಲ್ಲಿ ಇದನ್ನು ಬರೆದವರ ತಲೆಯಲ್ಲಿ ಕನ್ನಡ ಸುಳಿದಿರಲಾರದು. ಆದರೂ ಫಲ ನಮಗೆ ಸಿಕ್ಕಿತು. ಇಂಟರ್‌ನೆಟ್ ಆರ್ಕೈವ್ ಎಂಬ ಬೃಹತ್ ಡಿಜಿಟಲ್ ಗ್ರಂಥಾಲಯ 2020ರ ತನಕ ಬಳಸುತ್ತಿದ್ದ ಖಾಸಗಿ ತಂತ್ರಾಂಶಕ್ಕೆ ಕನ್ನಡ ಓದಲು ಬರುತ್ತಿರಲಿಲ್ಲ. ಕನ್ನಡ ಪುಸ್ತಕ ಏರಿಸಿದರೆ ಪುಟಗಳ ಚಿತ್ರ ಕಾಣುತ್ತಿತ್ತು, ಒಳಗೆ ಒಂದು ಪದ ಹುಡುಕುವಂತಿರಲಿಲ್ಲ. ಆರ್ಕೈವ್ ಟೆಸರಾಕ್ಟ್‌ಗೆ ಬದಲಾದ ಮೇಲೆ ಅದೂ ಸಾಧ್ಯವಾಯಿತು. ಬೆಂಗಳೂರಿನಲ್ಲಿ ‘ಸರ್ವೆಂಟ್ಸ್ ಆಫ್ ನಾಲೆಜ್’ ಹೆಸರಿನಲ್ಲಿ ಸ್ವಯಂಸೇವಕರು ಸ್ಕ್ಯಾನ್ ಮಾಡಿ ಸೇರಿಸುತ್ತಿರುವ ಕನ್ನಡ ಪುಸ್ತಕ, ಪತ್ರಿಕೆಗಳ ರಾಶಿ ಹೀಗೆ ಹುಡುಕಲು ಬರುವ ರಾಶಿಯಾಯಿತು.

ಯಂತ್ರದ ಓದು ಪೂರ್ತಿ ಸರಿ ಎಂದುಕೊಳ್ಳಬೇಡಿ. ಹಳೆಯ ಮೊಳೆ ಅಚ್ಚಿನ ಪುಟದಲ್ಲಿ ಶಾಯಿ ಹರಡಿದ್ದರೆ ದ–ಧ, ಪ–ಷ, ಬ–ಭ ಅದಲುಬದಲಾಗುತ್ತವೆ. ಸೊನ್ನೆ ಅಂಕಿಯಾಗಿ ಕೂರುತ್ತದೆ, ಕೆಳಗಿನ ಒತ್ತು ಮುಂದಿನ ಸಾಲಿಗೆ ಜಾರುತ್ತದೆ. ಪ ಅಕ್ಷರಕ್ಕೂ ಷ ಅಕ್ಷರಕ್ಕೂ ನಡುವೆ ಇರುವುದು ಒಂದು ಗೀರು. ಕಾಗದದ ಮೇಲಿನ ಕಲೆಯೇ ಆ ಗೀರಾಗಿಬಿಡಬಹುದು. ಕನ್ನಡ ವಿಕಿಸೋರ್ಸ್‌ನಲ್ಲಿ ಒಂದು ಪಕ್ಕ ಮೂಲ ಪುಟ, ಇನ್ನೊಂದು ಪಕ್ಕ ಯಂತ್ರ ಓದಿದ ಪಠ್ಯ ಇಟ್ಟುಕೊಂಡು ಸಾಲು ಸಾಲಾಗಿ ತಿದ್ದುವವರು ಇರುವುದು ಇದಕ್ಕೇ. ಓದುವ ಕೋಡನ್ನು ಕಂಪನಿ ಕೊಡಬಲ್ಲದು. ಇದು ಸರಿಗನ್ನಡವೇ ಎಂದು ಹೇಳಲು ಕನ್ನಡ ಓದಬಲ್ಲವರೇ ಬೇಕು.

ಒತ್ತಕ್ಷರದ ಪಾಡು

‘ಸ್ತ್ರೀಶಕ್ತಿ ಸಂಘ’ ಎಂಬ ಹೆಸರು ಇಲ್ಲದ ಊರು ನಮ್ಮಲ್ಲಿಲ್ಲ. ಅದರ ಮೊದಲ ಅಕ್ಷರವನ್ನೇ ನೋಡಿ. ಯೂನಿಕೋಡ್ ಕ್ರಮದಲ್ಲಿ ಮೊಬೈಲು ಇದನ್ನು ಆರು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ: ಸ, ಅರ್ಧಾಕ್ಷರ ಚಿಹ್ನೆ, ತ, ಮತ್ತೆ ಅರ್ಧಾಕ್ಷರ ಚಿಹ್ನೆ, ರ, ಕೊನೆಗೆ ಈ ಸ್ವರದ ಗುರುತು. ತೋರಿಸುವಾಗ ಸಕಾರಕ್ಕೆ ಗುಡಿಸು ದೀರ್ಘ ಸೇರಿಸಬೇಕು, ತಕಾರವನ್ನು ಒತ್ತಾಗಿ ಕೆಳಗಿಳಿಸಬೇಕು, ರಕಾರದ ಒತ್ತನ್ನು ಅದರ ಪಕ್ಕಕ್ಕೆ ತರಬೇಕು. ಅರ್ಕಾವತ್ತಿನ ಗೋಳು ಬೇರೆ: ಉಚ್ಚಾರದಲ್ಲಿ ಮೊದಲು ಬರುವ ರಕಾರ ಬರಹದಲ್ಲಿ ಅಕ್ಷರದ ಬಲಕ್ಕೆ ಹೋಗಿ ಕೂರುತ್ತದೆ. ಇದು ಸರಿಹೋಗದ ಕಾಲದಲ್ಲಿ ಅರ್ಕಾವತ್ತಿನ ಜಾಗಕ್ಕೆ ಕನ್ನಡದ ಒಂಬತ್ತು ಒತ್ತಿ ‘ಕನಾ೯ಟಕ’ ಎಂದು ಬರೆದವರ ಲೆಕ್ಕವಿಲ್ಲ. ಕಣ್ಣಿಗೆ ಸರಿ ಕಂಡರೂ ಹುಡುಕಿದರೆ ಆ ‘ಕರ್ನಾಟಕ’ ಎಂದಿಗೂ ಸಿಗದು.

ಈ ಜೋಡಣೆಯ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ಕೋಡ್. ಇರಾನ್ ಮೂಲದ ಬೆಹದಾದ್ ಎಸ್ಫಹ್‌ಬೋದ್ ಅದನ್ನು ಬೆಳೆಸಿದವರು. ಮೊದಲು ರೆಡ್ ಹ್ಯಾಟ್‌ನಲ್ಲಿದ್ದರು, ಆಮೇಲೆ ಗೂಗಲ್‌ನಲ್ಲಿ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರ ಒಳಗೂ ಅದೇ ಇದೆ. ಅಕ್ಷರಗಳ ಚಿತ್ರ ಬರುವುದು ಫಾಂಟ್‌ನಿಂದ. ರೆಡ್ ಹ್ಯಾಟ್ ಪುಣೆಯ ಮಾಡ್ಯುಲರ್ ಇನ್ಫೊಟೆಕ್‌ನಿಂದ ಪಡೆದ ಭಾರತೀಯ ಲಿಪಿಗಳ ಫಾಂಟ್‌ಗಳನ್ನು 2004ರಿಂದ ‘ಲೋಹಿತ್’ ಹೆಸರಿನಲ್ಲಿ ಮುಕ್ತವಾಗಿ ಬಿಟ್ಟಿತು. ಲೋಹಿತ್ ಕನ್ನಡವೂ ಆ ಸಾಲಿಗೆ ಸೇರಿತು. ಗೂಗಲ್‌ನ ‘ನೋಟೊ’ ಫಾಂಟ್‌ಗಳಲ್ಲಿ ಕನ್ನಡದ್ದೂ ಇದೆ. ನಮ್ಮವರೂ ಕೈ ಕಟ್ಟಿ ಕೂರಲಿಲ್ಲ. ಅರವಿಂದ ವಿ.ಕೆ. ಅವರ ‘ಗುಬ್ಬಿ’, ‘ನವಿಲು’ ಫಾಂಟ್‌ಗಳು ಇಂದು ಲಿನಕ್ಸ್ ಬಳಸುವ ಯಾರಿಗೂ ಸಿಗುತ್ತವೆ. ಹಳೆಯ ನುಡಿ, ಬರಹ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸುವ ಅವರ ಕೋಡ್ ಎಷ್ಟೋ ಲೇಖಕರ ಬರಹಗಳನ್ನು ಉಳಿಸಿದೆ.

ಗೂಗಲ್ ಆಂಡ್ರಾಯ್ಡ್‌ನ ಕೋಡ್ ತೆರೆದದ್ದು 2008ರ ಅಕ್ಟೋಬರ್‌ನಲ್ಲಿ. ಅದಕ್ಕೆ ಕನ್ನಡ, ತೆಲುಗು, ಮಲಯಾಳಂ ಸೇರಿದ್ದು 2012ರ ಜೆಲ್ಲಿಬೀನ್ ಆವೃತ್ತಿಯಲ್ಲಿ. ನಡುವಿನ ವರ್ಷಗಳಲ್ಲಿ ಕನ್ನಡದ ಸಂದೇಶ ಎಂದರೆ ಹಲವರ ಪರದೆಯ ಮೇಲೆ ಚೌಕ ಚೌಕದ ಡಬ್ಬಿಗಳ ಸಾಲು. ಆಂಡ್ರಾಯ್ಡ್‌ನ ಮುಕ್ತ ಕೀಲಿಮಣೆ ಕೋಡನ್ನೇ ಎತ್ತಿಕೊಂಡು ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಬಳಗದವರು ಕನ್ನಡವೂ ಸೇರಿದಂತೆ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳ ‘ಇಂಡಿಕ್ ಕೀಬೋರ್ಡ್’ ಕಟ್ಟಿದರು. ಕೋಡ್ ಬೀಗದಲ್ಲಿದ್ದಿದ್ದರೆ ಕೇರಳದ ಹುಡುಗರು ಕ್ಯಾಲಿಫೋರ್ನಿಯಾದ ಕಂಪನಿಯ ಕೀಲಿಮಣೆಗೆ ಕನ್ನಡ ಜೋಡಿಸಲು ಆಗುತ್ತಿರಲಿಲ್ಲ.

ಕಂಪನಿಗೇನು ಲಾಭ?

ಇಷ್ಟು ಕೇಳಿದ ಮೇಲೆ ಇದೆಲ್ಲ ದೊಡ್ಡ ದಾನ ಎನಿಸಬಹುದು. ಹಾಗೇನಿಲ್ಲ. ಎಚ್‌ಪಿ ಬಿಟ್ಟದ್ದು ತನಗೆ ಬೇಡವಾದ ಕೋಡ್. ನೆಟ್‌ಸ್ಕೇಪ್ ಬಿಟ್ಟದ್ದು ಸೋಲುವ ಹೊತ್ತಿನಲ್ಲಿ. ಗೂಗಲ್ ಆಂಡ್ರಾಯ್ಡ್ ತೆರೆದದ್ದು ಮೊಬೈಲ್ ಕಂಪನಿಗಳೆಲ್ಲ ಅದನ್ನೇ ಹಾಕಿಕೊಳ್ಳಲಿ, ಪ್ರತಿ ಮೊಬೈಲಿನಲ್ಲೂ ತನ್ನ ಹುಡುಕಾಟ, ಜಾಹೀರಾತು ಓಡಲಿ ಎಂದು. ಮುಕ್ತ ಕೋಡಿನ ದೋಷಗಳನ್ನು ಹೊರಗಿನವರೂ ತಿದ್ದುತ್ತಾರೆ, ಸಂಬಳವಿಲ್ಲದ ದುಡಿಮೆ ಸಿಗುತ್ತದೆ. ಆ ಕೋಡಿನಲ್ಲಿ ಪಳಗಿದ ಎಂಜಿನಿಯರ್‌ಗಳು ನಾಳೆ ಕೆಲಸಕ್ಕೂ ಸಿಗುತ್ತಾರೆ.

ಏನನ್ನು ತೆರೆಯಲಿಲ್ಲ ಎಂಬುದನ್ನು ನೋಡಿದರೆ ಲೆಕ್ಕ ಇನ್ನೂ ನಿಚ್ಚಳ. ಆಂಡ್ರಾಯ್ಡ್‌ನ ಬುಡ ಮುಕ್ತ. ಅದರ ಮೇಲಿನ ಪ್ಲೇ ಸ್ಟೋರ್, ನಕ್ಷೆ, ಪ್ಲೇ ಸರ್ವಿಸಸ್ ಬೀಗದೊಳಗೆ. 2019ರಲ್ಲಿ ಅಮೆರಿಕ ಸರ್ಕಾರದ ನಿರ್ಬಂಧ ಬಂದಾಗ ಚೀನಾದ ಹುವಾವೇ ಕಂಪನಿ ಆಂಡ್ರಾಯ್ಡ್‌ನ ಮುಕ್ತ ಕೋಡ್ ಬಳಸುವುದನ್ನು ಮುಂದುವರಿಸಬಹುದಿತ್ತು, ಆದರೆ ಅದರ ಹೊಸ ಮೊಬೈಲುಗಳಿಗೆ ಗೂಗಲ್‌ನ ಆ್ಯಪ್‌ಗಳು ಸಿಗಲಿಲ್ಲ. ನಮ್ಮಲ್ಲಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ, ಆಂಡ್ರಾಯ್ಡ್ ಮೇಲಿನ ಹಿಡಿತವನ್ನು ದುರುಪಯೋಗ ಮಾಡಿಕೊಂಡದ್ದಕ್ಕೆ ಗೂಗಲ್‌ಗೆ ₹1,337.76 ಕೋಟಿ ದಂಡ ಹಾಕಿತು. ಕೋಡ್ ಮುಕ್ತವಾಗಿದ್ದ ಮಾತ್ರಕ್ಕೆ ಪೇಟೆಯೂ ಮುಕ್ತವಾಗಿರುತ್ತದೆ ಎಂದೇನಿಲ್ಲ.

‘ಓಪನ್’ ಎಂಬ ಹಣೆಪಟ್ಟಿಯನ್ನೂ ಓದಿ ನಂಬಬೇಕು. ಮೆಟಾ ಕಂಪನಿ 2023ರ ಜುಲೈನಲ್ಲಿ ಬಿಟ್ಟ ‘ಲಾಮಾ 2’ ಎಂಬ ಭಾಷಾ ಮಾದರಿಯ ಕರಾರಿನಲ್ಲಿ, ತಿಂಗಳಿಗೆ 70 ಕೋಟಿಗಿಂತ ಹೆಚ್ಚು ಬಳಕೆದಾರರಿರುವ ಕಂಪನಿಗಳು ಬೇರೆ ಅನುಮತಿ ಪಡೆಯಬೇಕೆಂಬ ಷರತ್ತಿದೆ; ತರಬೇತಿಗೆ ಬಳಸಿದ ಪಠ್ಯವನ್ನು ಕೊಟ್ಟಿಲ್ಲ. ಓಪನ್ ಸೋರ್ಸ್ ಇನಿಷಿಯೇಟಿವ್ ಸಂಸ್ಥೆ ಇದನ್ನು ಓಪನ್ ಸೋರ್ಸ್ ಎಂದು ಒಪ್ಪಲೇ ಇಲ್ಲ. ಹಾಗಿದ್ದೂ ಬೆಂಗಳೂರಿನ ಕಾಗ್ನಿಟಿವ್‌ಲ್ಯಾಬ್ ಅದರ ಮೇಲೆ ಕನ್ನಡದ ‘ಅಂಬಾರಿ’ ಮಾದರಿಯನ್ನು 2024ರಲ್ಲಿ ಕಟ್ಟಿತು. ಮೂಲ ಲಾಮಾದ ಪದಕೋಶ ಬಹುಪಾಲು ಇಂಗ್ಲಿಷಿನದು. ಕನ್ನಡ ಅಕ್ಷರ ಎದುರಾದರೆ ಅದನ್ನು ಚೂರುಚೂರು ಮಾಡಿ ನುಂಗುತ್ತಿತ್ತು. ಆ ಪದಕೋಶಕ್ಕೆ ಕನ್ನಡದ ತುಣುಕುಗಳನ್ನು ಸೇರಿಸಿ ಹಿಗ್ಗಿಸುವುದೇ ಮೊದಲ ಕೆಲಸವಾಯಿತು.

ಕಂಪನಿಯ ಉದ್ದೇಶ ಏನೇ ಇರಲಿ, ನಿಜವಾದ ಮುಕ್ತ ಪರವಾನಗಿಯಲ್ಲಿ ಒಮ್ಮೆ ಬಿಟ್ಟ ಆವೃತ್ತಿಯನ್ನು ಹಿಂದಕ್ಕೆ ಪಡೆಯಲಾಗದು. ಟೆಸರಾಕ್ಟ್ ಬಿಟ್ಟ ಎಚ್‌ಪಿ ನಾಳೆ ಮನಸ್ಸು ಬದಲಿಸಿದರೂ ಕನ್ನಡದ ಪುಟ ಓದುವುದು ನಿಲ್ಲದು. ಸವಳು ನೀರಿನ ನವಲಗುಂದ ಸೀಮೆಯಲ್ಲಿ ಕುಡಿಯುವ ನೀರಿಗೆ ಊರ ಕೆರೆ ಹೇಗೋ, ಇದೂ ಹಾಗೆ: ತೋಡಿಸಿದವರ ಲಾಭ ಪುಣ್ಯ ಏನೇ ಇರಲಿ, ಕೊಡ ತಂದವರಿಗೆಲ್ಲ ನೀರು, ಹೂಳು ತೆಗೆಯುವ ಸರದಿ ಮಾತ್ರ ಊರಿನದು.

ನಾಲ್ಕು ತಾಸೂ ತುಂಬದ ಕನ್ನಡ

ಬರಹದ ಕಥೆ ಹೀಗಾದರೆ ಮಾತಿನ ಕಥೆ ಇನ್ನೂ ಕಷ್ಟ. ಓಪನ್‌ಎಐ ಕಂಪನಿ 2022ರ ಸೆಪ್ಟೆಂಬರ್‌ನಲ್ಲಿ ‘ವಿಸ್ಪರ್’ ಎಂಬ, ಮಾತನ್ನು ಬರಹಕ್ಕಿಳಿಸುವ ಮಾದರಿಯನ್ನು ಮುಕ್ತವಾಗಿ ಬಿಟ್ಟಿತು. ತರಬೇತಿಗೆ ಬಳಸಿದ್ದು 6,80,000 ತಾಸಿನ ಧ್ವನಿ. ಅದರಲ್ಲಿ ಕನ್ನಡದ ಬರಹ ಸಮೇತ ಇದ್ದ ಕನ್ನಡ ಧ್ವನಿ ನಾಲ್ಕು ತಾಸೂ ಇಲ್ಲ. ಕೋಡ್ ಪೂರ್ತಿ ತೆರೆದಿದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆದರೆ ಸಣ್ಣಾಟ ನೋಡಲು ಕೂತವರು ಮಂಗಳ ಹಾಡುವ ತನಕ ಕೇಳುವಷ್ಟು ಕನ್ನಡವನ್ನೂ ಅದು ಕೇಳಿರಲಿಲ್ಲ.

ಅದಕ್ಕೆ ಮೊರಬದ ಮಾತು ಕೇಳಿಸಿದರೆ ಏನಾದೀತು? ‘ಹೆಸರಿಗೆ ರೋಗ ಬಿದ್ದೈತ್ರಿ, ಎಣ್ಣಿ ಹೊಡ್ಯಾಕತ್ತೇವಿ, ಮಳಿ ಹೊರಪಾಗವಲ್ದು’ ಎಂದು ರೈತರೊಬ್ಬರು ಕೃಷಿ ಸಹಾಯವಾಣಿಗೆ ಹೇಳುತ್ತಾರೆ ಎಂದಿಟ್ಟುಕೊಳ್ಳಿ. ಕ್ರಿಯಾಪದಗಳ ಕೊನೆ ಪಠ್ಯಪುಸ್ತಕದಂತಿಲ್ಲ. ಹೆಸರು ಎಂದರೆ ಇಲ್ಲಿ ಬೆಳೆ; ಎಣ್ಣಿ ಎಂದರೆ ಕೀಟನಾಶಕ, ಅಡುಗೆಯದಲ್ಲ. ಬೆಂಗಳೂರಿನ ವಾರ್ತಾವಾಚಕರ ಕನ್ನಡ ಕೇಳಿ ಕಲಿತ ಯಂತ್ರ ಇಲ್ಲಿ ತಡವರಿಸುವುದು ಸಹಜ. ಆ ತಡವರಿಕೆಯ ಬೆಲೆ ತೆರುವವರು ಸಹಾಯವಾಣಿಯ ತಪ್ಪು ಸಲಹೆ ನಂಬಿ ಹೊಲಕ್ಕೆ ಹೋದವರು.

ಈ ಕೊರತೆ ತುಂಬುವ ಕೆಲಸಕ್ಕೂ ದೊಡ್ಡ ಕಂಪನಿಯ ದುಡ್ಡೇ ಬಂದಿದೆ ಎಂಬುದು ಗಮನಿಸಬೇಕಾದ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಲ್ಲಿನ ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ 2022ರ ಡಿಸೆಂಬರ್‌ನಲ್ಲಿ ‘ವಾಣಿ’ ಯೋಜನೆ ಸಾರಿದವು. ದೇಶದ 773 ಜಿಲ್ಲೆಗಳಿಂದ ಸುಮಾರು ಹತ್ತು ಲಕ್ಷ ಜನರ ಒಂದೂವರೆ ಲಕ್ಷ ತಾಸಿನ ಮಾತು ಸಂಗ್ರಹಿಸುವುದು ಗುರಿ. ಅಚ್ಚುಕಟ್ಟಾದ ವಾಕ್ಯ ಕೊಟ್ಟು ಓದಿಸುವುದಿಲ್ಲ. ಒಂದು ಚಿತ್ರ ತೋರಿಸಿ, ಕಂಡದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ ಎನ್ನುತ್ತಾರೆ. ಹಾಗಾಗಿ ಮನೆಮಾತು ಇದ್ದ ಹಾಗೇ ಬರುತ್ತದೆ. ಮೊದಲ ಹಂತದ 80 ಜಿಲ್ಲೆಗಳಲ್ಲಿ ಧಾರವಾಡವೂ ಇದೆ. ಆ ಹಂತದಲ್ಲಿ ಕೂಡಿದ್ದು ಸುಮಾರು 80,000 ಜನರ 14,000ಕ್ಕೂ ಹೆಚ್ಚು ತಾಸಿನ ಧ್ವನಿ. ಅದನ್ನು ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿ ಪ್ರಕಟಿಸಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯದೇ ಆದ ‘ರೆಸ್ಪಿನ್’ ಯೋಜನೆ ಕನ್ನಡ ಸೇರಿ ಒಂಬತ್ತು ಭಾಷೆಗಳಲ್ಲಿ ಕೃಷಿ ಮತ್ತು ಹಣಕಾಸಿನ ಮಾತನ್ನು, ಒಳನುಡಿಗಳ ಸಮೇತ, ಕೂಡಿಹಾಕಿದೆ. ಐಐಟಿ ಮದ್ರಾಸಿನ ‘ಎಐ4ಭಾರತ್’ ತಂಡ ವಿಸ್ಪರ್‌ನ ಮುಕ್ತ ಕೋಡಿಗೇ ಭಾರತೀಯ ಭಾಷೆಗಳ ಧ್ವನಿ ಉಣಿಸಿ ‘ಇಂಡಿಕ್‌ವಿಸ್ಪರ್’ ಮಾಡಿತು. ಕೋಡ್ ಹೊರಗಿನದು, ಧ್ವನಿ ನಮ್ಮದು. ಎರಡೂ ಮುಕ್ತವಾಗಿದ್ದರಿಂದ ಕೂಡಿಕೊಂಡವು.

ಇಲ್ಲಿ ಒಂದು ನ್ಯಾಯದ ಮಾತೂ ಇದೆ. ಧಾರವಾಡ ಜಿಲ್ಲೆಯ ಜನ ಕೊಟ್ಟ ಮಾತಿನಿಂದ ಗೂಗಲ್‌ಗೂ ಲಾಭವಿದೆ. ಆದರೆ ಅದೇ ಧ್ವನಿ ಮುಕ್ತವಾಗಿರುವುದರಿಂದ ಧಾರವಾಡದ ಐಐಐಟಿಯ ವಿದ್ಯಾರ್ಥಿಗೂ ಹುಬ್ಬಳ್ಳಿಯ ಸಣ್ಣ ಕಂಪನಿಗೂ ಅಷ್ಟೇ ಹಕ್ಕಿನಿಂದ ಸಿಗುತ್ತದೆ. ಬೀಗದೊಳಗೆ ಸಂಗ್ರಹಿಸಿದ್ದರೆ ಮಾತು ಕೊಟ್ಟವರೇ ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕಾಗುತ್ತಿತ್ತು.

ಕರ್ನಾಟಕದ ಕಂಪನಿಗಳಲ್ಲೂ ಈ ದಾರಿ ಹಿಡಿದವರಿದ್ದಾರೆ. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಒಂದೂವರೆ ಲಕ್ಷ ಕನ್ನಡ ಪದಗಳಿವೆ. ಬೆಂಗಳೂರಿನ ಜೆರೋಧಾ ಕಂಪನಿಯ ತಂತ್ರಜ್ಞಾನ ವಿಭಾಗದ ಮುಖ್ಯಸ್ಥ ಕೈಲಾಶ್ ನಾಥ್ ಅದನ್ನು 2019ರಲ್ಲಿ ‘ಅಲರ್’ ಹೆಸರಿನಲ್ಲಿ ಮುಕ್ತ ಪರವಾನಗಿಯಡಿ ಅಂತರ್ಜಾಲಕ್ಕೆ ತಂದರು. ನಿಘಂಟು ಓಡಿಸುವ ಕೋಡೂ ಮುಕ್ತ. 2024ರಲ್ಲಿ ಆ ಕಂಪನಿ ಮುಕ್ತ ತಂತ್ರಾಂಶ ಬರೆಯುವವರಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ನ ನಿಧಿಯನ್ನೂ ಸಾರಿತು. ಮುಕ್ತ ಕೋಡಿನ ಮೇಲೆ ವ್ಯಾಪಾರ ಕಟ್ಟಿದ ಮಿಕ್ಕ ಕಂಪನಿಗಳೂ ಇದನ್ನು ಕಂಡು ಕಲಿಯಬೇಕು.

ನಮ್ಮ ದುಡ್ಡಿನ ಕೋಡ್

ಈಗ ಬೆಳೆ ವಿಮೆಗೆ ಬರೋಣ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಹೆಸರಿಗೆ ರೈತ ಕಟ್ಟುವ ಕಂತು ಹೆಚ್ಚೆಂದರೆ ವಿಮಾ ಮೊತ್ತದ ಶೇ 2, ಹಿಂಗಾರಿನ ಕಡಲೆಗೆ ಶೇ 1.5, ಉಳ್ಳಾಗಡ್ಡಿ ಮೆಣಸಿನಕಾಯಿಗೆ ಶೇ 5. ಬೆಳೆ ಕಟಾವು ಪ್ರಯೋಗದಲ್ಲಿ ಬಂದ ಇಳುವರಿ ನಿಗದಿತ ಪ್ರಾರಂಭಿಕ ಇಳುವರಿಗಿಂತ ಎಷ್ಟು ಕಡಿಮೆಯೋ ಆ ಪ್ರಮಾಣಕ್ಕೆ ತಕ್ಕ ಪರಿಹಾರ. ಸೂತ್ರ ಎಲ್ಲರಿಗೂ ಗೊತ್ತು. ಲೆಕ್ಕ ಹಾಕುವುದು ಮಾತ್ರ ತಂತ್ರಾಂಶ. ಪಕ್ಕದ ಪಂಚಾಯಿತಿಗೆ ಪರಿಹಾರ ಬಂದು ತಮ್ಮೂರಿಗೆ ಬಾರದೇ ಹೋದಾಗ ರೈತರು ಕೇಳುವ ಪ್ರಶ್ನೆಗೆ ‘ಸಿಸ್ಟಮ್‌ನಾಗ ಹಂಗ ತೋರಸ್ತೈತಿ’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಬೇಕು.

ಇದು ಲೆಕ್ಕ ಕೇಳಲು ಅಂಜಿದ ಸೀಮೆಯಲ್ಲ. ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ 1980ರಲ್ಲಿ ನವಲಗುಂದ, ನರಗುಂದಗಳ ರೈತರು ಎದ್ದು ನಿಂತರು, ಗುಂಡಿಗೆ ಎದೆಯೊಡ್ಡಿದರು. ಜುಲೈ 21 ಇಂದಿಗೂ ಇಲ್ಲಿ ರೈತ ಹುತಾತ್ಮ ದಿನ. ಅಂದು ಲೆಕ್ಕ ಕಾಗದದ ಮೇಲಿತ್ತು, ಇಂದು ಕೋಡಿನೊಳಗೆ ಸೇರಿದೆ. ಕಾಗದದ ಲೆಕ್ಕ ಕೇಳುವ ಹಕ್ಕಿದ್ದವರಿಗೆ ಕೋಡಿನ ಲೆಕ್ಕ ಕೇಳುವ ಹಕ್ಕೂ ಇರಬೇಕು.

ದೇಶದಲ್ಲಿ ಇದಕ್ಕೆ ನೀತಿಯೂ ಇದೆ. ಕೇಂದ್ರ ಸರ್ಕಾರ 2015ರಲ್ಲೇ ಸರ್ಕಾರಿ ಕೆಲಸಕ್ಕೆ ಓಪನ್ ಸೋರ್ಸ್‌ಗೆ ಆದ್ಯತೆ ಕೊಡುವ ನೀತಿ ತಂದಿತು. ಸರ್ಕಾರಿ ಆ್ಯಪ್‌ಗಳ ಕೋಡ್ ತೆರೆಯುವ ನೀತಿಯೂ ಅದೇ ವರ್ಷ ಬಂತು. ಕೋವಿಡ್ ಕಾಲದ ಆರೋಗ್ಯ ಸೇತು ಆ್ಯಪ್‌ನ ಕೋಡನ್ನು ಒತ್ತಾಯ ಹೆಚ್ಚಿದ ಮೇಲೆ 2020ರ ಮೇ ತಿಂಗಳಲ್ಲಿ ಪ್ರಕಟಿಸಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಪಹಣಿ, ಬೆಳೆ ಸಮೀಕ್ಷೆ, ವಿಮೆಯ ಲೆಕ್ಕದ ಕೋಡನ್ನೂ, ರೈತರ ಖಾಸಗಿ ವಿವರ ಬಿಟ್ಟು, ತೆರೆದಿಡಲು ರಾಜ್ಯ ಸರ್ಕಾರಕ್ಕೆ ಇರಬಹುದಾದ ಅಡ್ಡಿ ಮನಸ್ಸಿನದು. ಕನ್ನಡದ ಫಾಂಟ್, ನಿಘಂಟು, ಕಾಗುಣಿತ ಪರೀಕ್ಷಕ ಎಂದು ಸರ್ಕಾರ ದುಡ್ಡು ಕೊಟ್ಟು ಮಾಡಿಸುವ ಪ್ರತಿ ಕೆಲಸದ ಕರಾರಿನಲ್ಲೂ ‘ಮೂಲ ಕೋಡನ್ನು ಮುಕ್ತ ಪರವಾನಗಿಯಲ್ಲಿ ಪ್ರಕಟಿಸತಕ್ಕದ್ದು’ ಎಂಬ ಒಂದು ಸಾಲು ಸೇರಿದರೆ ಸಾಕು.

ಊರವರ ಕೈಯಲ್ಲೂ ಕೆಲಸವಿದೆ. ಕೇಂದ್ರದ ಭಾಷಿಣಿ ಯೋಜನೆಯ ‘ಭಾಷಾದಾನ’ದಲ್ಲಿ ಯಾರು ಬೇಕಾದರೂ ಮೊಬೈಲಿನಿಂದ ಕನ್ನಡದ ಧ್ವನಿ ಕೊಡಬಹುದು, ಬೇರೆಯವರದ್ದು ಸರಿಯಿದೆಯೇ ನೋಡಬಹುದು. ವಿಕಿಸೋರ್ಸ್‌ನಲ್ಲಿ ಪುಟ ತಿದ್ದಲು ಕೋಡಿಂಗ್ ಬೇಕಿಲ್ಲ, ಕನ್ನಡ ಬಂದರೆ ಸಾಕು. ಹೈಸ್ಕೂಲಿನ ಕನ್ನಡ ಮೇಷ್ಟ್ರು ಹುಡುಗರನ್ನು ಕೂರಿಸಿಕೊಂಡು ವಾರಕ್ಕೊಂದು ತಾಸು ಮಾಡಿಸಬಹುದಾದ ಕೆಲಸ. ಧಾರವಾಡ, ಹುಬ್ಬಳ್ಳಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟನ್ನು ಪೇಟೆಯಿಂದ ಕೊಂಡು ತರುವ ಬದಲು ‘ವಾಣಿ’ಯ ಧಾರವಾಡ ಧ್ವನಿ ಇಳಿಸಿಕೊಂಡು, ಮುಕ್ತ ಮಾದರಿಗೆ ಕಲಿಸಿ, ಎಲ್ಲಿ ತಪ್ಪುತ್ತದೆ ಎಂದು ಬರೆದಿಡಲಿ. ಆ ತಪ್ಪುಗಳ ಪಟ್ಟಿಯೇ ಮುಂದಿನವರಿಗೆ ಬಂಡವಾಳ.

ಕಂಪನಿಗಳು ತಮ್ಮ ಲಾಭಕ್ಕೆ ಕೋಡ್ ತೆರೆದವು. ಅದರಿಂದ ಕನ್ನಡಕ್ಕೆ ಲಾಭವಾದದ್ದು ನಮ್ಮವರು ಕೂತು ದುಡಿದ ಕಡೆಗಳಲ್ಲಿ ಮಾತ್ರ. ಇನ್ನು ಸರ್ಕಾರದ ಸರದಿ. ಜನರ ತೆರಿಗೆಯಲ್ಲಿ ಬರೆಸಿದ ಕೋಡ್ ಜನರಿಗೇ ಸೇರಬೇಕು. ಮುಂದಿನ ಗ್ರಾಮಸಭೆಯಲ್ಲಿ ವಿಮೆಯ ಮಾತು ಬಂದಾಗ ಮೊರಬದವರು ಇದನ್ನೂ ಒಂದು ಬೇಡಿಕೆಯಾಗಿ ಬರೆಸಲಿ, ಠರಾವಿನ ಪ್ರತಿ ಇಸಿದುಕೊಳ್ಳಲಿ.